ಬಾಡಿಗೆಯೂ ನಂಬುಗೆಯೂ

ನಂಬಿಕಸ್ಥ ಬಾಡಿಗೆದಾರನೆಂದರೆ ಯಾರು? ಕಾಲಕ್ಕೆ ಸರಿಯಾಗಿ ಹಣ ಸಲ್ಲಿಸುವವನು, ಮನೆಯನ್ನು ಕೆಡಿಸದವನು ಎಂದು ಮನೆಯೊಡೆಯರು ಹೇಳುವರು. ಅಂಥವನನ್ನು ಹುಡುಕಿಯೇ ತರಬೇಕೆ? ಇರುವವನನ್ನೇ ಹಾಗೆ ಮಾಡಿಕೊಳ್ಳಲಾಗದೆ?

ಇದಕ್ಕೆ ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಉತ್ತರವಿತ್ತಳು. 1865ರಲ್ಲಿ ಜಾನ್ ರಸ್ಕಿನ್ನನು ಬಡವರು ವಾಸವಾಗಿದ್ದ ಮೂರು ಜೀರ್ಣಗೃಹಗಳ ಗುತ್ತಿಗೆಯನ್ನು ಕೊಂಡು, ನೂರಕ್ಕೆ 5ರಂತೆ ಹುಟ್ಟುವಳಿ ಬರಬೇಕೆಂದು ಹೇಳಿ, ಆಕೆಯ ಆಡಳಿತಕ್ಕೆ ಒಪ್ಪಿಸಿದನು. ಆಕೆ ವಾರವಾರವೂ ತಾನೇ ಹೋಗಿ ಬಾಡಿಗೆಯನ್ನು ಪಡೆದಳು. ಬಾಕಿಗೆ ದಾಕ್ಷಿಣ್ಯವಿರಲಿಲ್ಲ, ಕೊಡದೆ ಹಟಹಿಡಿದವರು ಮನೆ ಬಿಡಬೇಕಾಯಿತು. ಆದರೆ ಒಡೆಯನ ಕರ್ತವ್ಯಕ್ಕೂ ವಿನಾಯಿತಿಯಿರಲಿಲ್ಲ. ದುರಸ್ತಿಗೆಂದು ತೆಗೆದಿಟ್ಟ ಹಣದಲ್ಲಿ ಉಳಿದುದು ಬಾಡಿಗೆದಾರರೇ ಬಯಸಿದ ಸೌಕರ್ಯಗಳಿಗೆ ಸಂದಿತು. ಆದುದರಿಂದ ಮನೆಯನ್ನು ಕಾಪಾಡುವುದು ಅವರಿಗೂ ಲಾಭವಾಯಿತು. ರಸ್ಕಿನ್ನನಿಗೆ ಹುಟ್ಟುವಳಿಯೂ ತಪ್ಪಲಿಲ್ಲ.

ಬೀಗದಕೈ ಕೊಡುವ ಮುನ್ನ ಬಂದವನ ಗುಣವನ್ನು ವಿಚಾರಿಸುವುದು ಸಹಜವೇ. ತನ್ನ ಮಾತನ್ನು ತಾನು ನಡೆಸುವೆನೆ ಎಂದು ಒಡೆಯನು ಕೇಳಿಕೊಳ್ಳುವುದೂ ಅಷ್ಟೇ ಅವಶ್ಯವು.