ಧಾತು–ಈಶ್ವರದ ಬರ ಮತ್ತು ಹಳೆ ಮೈಸೂರಿನ ವಂಶಾವಳಿಗಳು

ಹಳೆ ಮೈಸೂರು ಸೀಮೆಯ ರೈತ ಮನೆತನದ ವಂಶವೃಕ್ಷ ಬರೆಯಲು ಕೂತವರು ಐದಾರು ತಲೆಮಾರಿನ ಆಚೆಗೆ ಮುಗ್ಗರಿಸುವುದುಂಟು. ಅಣ್ಣತಮ್ಮಂದಿರ ಕವಲುಗಳು ಇದ್ದಕ್ಕಿದ್ದಂತೆ ನಿಂತುಹೋಗಿರುತ್ತವೆ. ‘ಬರದಲ್ಲಿ ಊರು ಬಿಟ್ಟು ಬಂದರಂತೆ’ ಎಂಬ ಒಂದು ಮಾತಷ್ಟೇ ಮನೆಯಲ್ಲಿ ಉಳಿದಿರುತ್ತದೆ. ಮಾಹಿತಿ ಸಿಗಲಿಲ್ಲವೆಂದು ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುವುದು ರೂಢಿ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಮನೆತನಗಳ ಮಟ್ಟಿಗೆ ಆ ಖಾಲಿ ಜಾಗವನ್ನೂ ದಾಖಲೆಯಂತೆ ಓದಬೇಕು ಎಂಬುದು ನನ್ನ ವಾದ.

ಹೆಳವರ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಊರಿಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ಈಗಿನವರವರೆಗೆ ಹೆಸರು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಹೋಗುವವರು ಅವರು. ಮನೆತನ ಎಲ್ಲಿಂದ ಎದ್ದು ಎಲ್ಲಿ ನೆಲೆಸಿತು ಎಂಬುದನ್ನೂ ಹೇಳುತ್ತಾರೆ. ಇಷ್ಟು ಬೆಲೆಬಾಳುವ ಮೌಖಿಕ ಆಕರ ನಮ್ಮಲ್ಲಿ ಹೆಚ್ಚಿಲ್ಲ. ಆದರೆ ಅವರ ಪಾಠದಲ್ಲಿ ಬರುವುದು ಹೆಚ್ಚಾಗಿ ಗಂಡು ಸಂತತಿ. ವಂಶ ಎದ್ದುಹೋದ ವರ್ಷ ಊರಿನಲ್ಲಿ ರಾಗಿ ಬೆಳೆದಿತ್ತೇ, ಕೆರೆಯಲ್ಲಿ ನೀರಿತ್ತೇ ಎಂಬುದನ್ನು ಆ ಹೆಸರುಗಳಿಂದ ತಿಳಿಯಲಾಗದು. ಅದಕ್ಕೆ ಪ್ರಾಂತ್ಯದ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಮೊದಲು ಬರದ ಕಾಲನಿರ್ಣಯ. ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಧಾತು ಎಂದರೆ 1876–77, ಈಶ್ವರ ಎಂದರೆ 1877–78. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಈಶ್ವರ ಸಂವತ್ಸರ 1937–38ರಲ್ಲೂ ಬಂದಿತ್ತು. ಹೇಳಿದವರ ವಯಸ್ಸು, ಮಕ್ಕಳು ಹುಟ್ಟಿದ ಕಾಲ ಎರಡನ್ನೂ ತಾಳೆ ನೋಡದಿದ್ದರೆ ಒಂದು ಆವರ್ತವೇ ಜಾರಿಹೋಗಬಹುದು. ಉತ್ತರ ಕರ್ನಾಟಕದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಮಾತಿಗೆ ಬರುವ ಡೋಗಿ ಬರ 1791–92ರದು. ಎರಡು ಬರಗಳ ಕಥೆಗಳು ಒಂದರೊಳಗೊಂದು ಬೆರೆಯುವ ಅಪಾಯ ಅಲ್ಲಿದೆ.

1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಕೈಕೊಟ್ಟಿತು. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷದಲ್ಲಿ 8,69,224 ಜನ ಕಡಿಮೆ, ಎಂದರೆ ನೂರಕ್ಕೆ 17. ಬರಕ್ಕೆ ಮೊದಲಿನ ವರ್ಷಗಳಲ್ಲಿ ಹುಟ್ಟಿ ಸೇರಿದವರನ್ನು ಲೆಕ್ಕಕ್ಕೆ ಹಿಡಿದರೆ ನಷ್ಟ ಇನ್ನೂ ದೊಡ್ಡದು. 1891ರ ಗಣತಿಯಲ್ಲೂ ಸಂಸ್ಥಾನ 1871ರ ಮಟ್ಟವನ್ನು ಮುಟ್ಟಿರಲಿಲ್ಲ. ಹಸಿವಿನ ಬೆನ್ನಿಗೇ ಕಾಲರಾ ಬಂದಿತ್ತು. ಪೂರ್ವದ ಮೈದಾನ ಸೀಮೆಗೆ ಬಿದ್ದ ಪೆಟ್ಟು ಮಲೆನಾಡಿಗೆ ಬೀಳಲಿಲ್ಲ. ಹೀಗಾಗಿ ಒಂದೇ ಮನೆತನದ ಎರಡು ಕವಲುಗಳಲ್ಲಿ ಒಂದು ಅಳಿದು ಇನ್ನೊಂದು ಉಳಿದಿದ್ದರೆ, ಮೊದಲು ಕೇಳಬೇಕಾದ್ದು ಅವರವರು ಆಗ ಯಾವ ಸೀಮೆಯಲ್ಲಿದ್ದರು ಎಂದು. ಅದೃಷ್ಟದ, ದೈವದ ಕಥೆಗಳನ್ನು ಆಮೇಲೆ ನೋಡಬಹುದು.

ಹೆಂಗಸರ ವಿಚಾರದಲ್ಲಿ ಪ್ರಾಂತ್ಯದ ಚರಿತ್ರೆ ಕೊಡುವಷ್ಟನ್ನು ವಂಶಾವಳಿ ಕೊಡಲಾರದು. ಪರಿಹಾರ ಕಾಮಗಾರಿಗಳಲ್ಲಿ ಗಂಡಸರ ಜೊತೆಗೆ ಹೆಂಗಸರೂ ಮಕ್ಕಳೂ ಮಣ್ಣು ಹೊತ್ತರು. 1877ರ ಆರಂಭದಲ್ಲಿ ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ನೆರೆಯ ಮದ್ರಾಸ್ ಪ್ರಾಂತ್ಯಕ್ಕೆ ನಿಗದಿ ಮಾಡಿಸಿದ ಕೂಲಿ, ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಒಂದಿಷ್ಟು ಪುಡಿಗಾಸು. ಹೆಂಗಸಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಗಟ್ಟಿಮುಟ್ಟಾದ ಆಳು ಮಣ್ಣು ಅಗೆದು ಬದುಕಲು ಅಷ್ಟು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಆಗಲೇ ತಕರಾರು ತೆಗೆದಿದ್ದ. ಆ ಲೆಕ್ಕವನ್ನು ಓದುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಶುರುವಾದದ್ದೂ ಇಂಥ ಕಾಮಗಾರಿಯಾಗಿಯೇ. ದಾರಿ ಮೈಸೂರು ಮುಟ್ಟಿದ್ದು 1882ರಲ್ಲಿ.

ಹಾಗೆಂದು ರಾಮನಗರ–ಮಂಡ್ಯದ ಕಡೆಯ ಪ್ರತಿ ಮನೆಯೂ ‘ನಮ್ಮ ಮುತ್ತಜ್ಜಿ ಆ ರೈಲು ದಾರಿಯ ಏರಿಗೆ ಮಣ್ಣು ಹೊತ್ತಳು’ ಎಂದು ಬರೆದುಕೊಳ್ಳುವುದು ತಪ್ಪು. ಹತ್ತಿರದ ಊರಿನಲ್ಲಿ ಅಂಥ ಕೆಲಸ ನಡೆದಿತ್ತು ಎನ್ನುವವರೆಗೆ ಚರಿತ್ರೆ ಕೈಹಿಡಿಯುತ್ತದೆ. ಅವಳೇ ಹೋಗಿದ್ದಳು ಎನ್ನಲು ಮನೆಯ ಮಾತೋ ಕಾಗದವೋ ಬೇಕು. ಕಾಗದ ಹುಡುಕುವವರು 1878ರಲ್ಲಿ ಅಚ್ಚಾದ ಎಲಿಯಟ್ಟನ ಮೈಸೂರು ಕ್ಷಾಮದ ವರದಿ, ರೈಸ್‌ನ ಗೆಜೆಟಿಯರ್ ಇವುಗಳಿಂದ ಸೀಮೆಯ ಸ್ಥಿತಿ ತಿಳಿದುಕೊಂಡು ಊರಿನ ಭೂದಾಖಲೆಗೆ ಇಳಿಯುವುದು ಲೇಸು. ಬರದ ಹಿಂದುಮುಂದಿನ ಕಡತಗಳು ಉಳಿದಿರುವ ಊರುಗಳಲ್ಲಿ ಹೊಲದ ಗುರುತು ಅದೇ ಇದ್ದು ಖಾತೆದಾರನ ಹೆಸರು ಮಾತ್ರ ಬದಲಾಗಿದ್ದರೆ, ಹೊಸ ಹೆಸರು ಮಗನದೋ, ಅಳಿಯನದೋ, ಸಾಲ ಕೊಟ್ಟವನದೋ ಎಂದು ವಿಚಾರಿಸಬೇಕು. ಅಳಿಯನದಾದರೆ ಆ ಮನೆಯಲ್ಲಿ ಗಂಡುಮಕ್ಕಳು ಉಳಿದಿರಲಿಲ್ಲವೇನೋ ಎಂಬ ಸಂಶಯದಿಂದ ಹೆಳವರ ಪಾಠವನ್ನು ಇನ್ನೊಮ್ಮೆ ಕೇಳಬೇಕಾಗುತ್ತದೆ.