ನೀರಿನ ಅಂಕೆಯಲ್ಲಿ ಪರಿಮಳ: ಮಧುಗಿರಿ–ಶಿರಾ ಸೀಮೆಯ ಹೂದೋಟಗಳ ಚರಿತ್ರೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲುಸೀಮೆಗೆ ಸೇರಿದವು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಕೊರಟಗೆರೆ, ಮಧುಗಿರಿಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡಕ್ಕೆ ಆ ಭಾಗ್ಯವಿಲ್ಲ; ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡಿನ ಕಾಟ ಬೇರೆ. ಇಂಥ ನಾಡಿನಲ್ಲಿ ಮನೆಯ ಹೂಗಿಡದ ಆಯ್ಕೆಯನ್ನು ಅಭಿರುಚಿಗಿಂತ ಹೆಚ್ಚಾಗಿ ನೀರಿನ ಮೂಲವೇ ನಿರ್ಧರಿಸುತ್ತ ಬಂದಿದೆ ಎಂಬುದು ಈ ಲೇಖನದ ವಾದ.

ಶಾಸ್ತ್ರ ಮತ್ತು ದೇಗುಲ

ಕನ್ನಡದಲ್ಲಿ ಈ ವಿಷಯದ ಹಳೆಯ ಆಕರಗಳಲ್ಲಿ ಮುಖ್ಯವಾದುದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ ರಚಿತವಾದ ಈ ಕೃತಿ ಭೂಜಲ ಶೋಧನೆ, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿಕೆ ಮೂರನ್ನೂ ಒಂದೇ ಹೊತ್ತಗೆಯಲ್ಲಿ ತಂದಿದೆ. ಗೃಹಸ್ಥನಿಗೆ ಬೇಕಾದ ಅರಿವಿನಲ್ಲಿ ಬಾವಿ, ಗಿಡ, ಪರಿಮಳಗಳಿಗೆ ಅಕ್ಕಪಕ್ಕದ ಸ್ಥಾನವಿತ್ತು ಎಂಬುದಕ್ಕೆ ಇದು ಸಾಕ್ಷಿ. ಕನ್ನಡ ನಾಡಿನ ದಾನಶಾಸನಗಳಲ್ಲಿ ದೇವರ ಪೂಜೆಗೆ ಬಿಟ್ಟ ಹೂದೋಟಗಳ ಉಲ್ಲೇಖಗಳಿವೆ. ಅಂಥ ದತ್ತಿಗಳಲ್ಲಿ ಕೆರೆ, ಕಾಲುವೆ, ಗದ್ದೆಗಳ ಜೊತೆಗೇ ಹೂದೋಟವೂ ಬರುತ್ತದೆ. ನಿತ್ಯಪೂಜೆಗೆ ಹೂ ತಪ್ಪಬಾರದೆಂದರೆ ಬೇಸಿಗೆಯಲ್ಲೂ ನೀರು ತಪ್ಪಬಾರದು.

ಖಾನ್ ಬಾಗ್

1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿಯಾಗಿಸಿದ ಮೇಲೆ ಇನ್ನೊಂದು ಬಗೆಯ ತೋಟ ಬೆಳೆಯಿತು. ಶಿರಾದ ಖಾನ್ ಬಾಗ್ ಬೆಂಗಳೂರಿನ ಲಾಲ್‌ಬಾಗಿಗೆ ಪ್ರೇರಣೆಯಾಗಿರಬಹುದೆಂದು ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಊಹಿಸಿದ್ದಾರೆ. ಇಲ್ಲಿ ಕಾಲದ ತೊಡಕೊಂದಿದೆ. ಹೈದರ್ ಅಲಿ ಲಾಲ್‌ಬಾಗನ್ನು ಆರಂಭಿಸಿದ್ದು 1760ರಲ್ಲಿ ಎಂದು ಗುರುತಿಸಲಾಗುತ್ತದೆ. ಹೈದರನ ಕೈಗೆ ಶಿರಾ ಬಂದದ್ದು 1761ರಲ್ಲಿ. ಆದರೆ ಹೈದರನ ತಂದೆ ಫತೇ ಮಹಮ್ಮದ್ ಶಿರಾದ ಸುಬೇದಾರರ ಸೇವೆಯಲ್ಲಿದ್ದು ಬೂದಿಕೋಟೆಯ ಜಹಗೀರು ಪಡೆದವನು. ಶಿರಾದ ತೋಟಗಾರಿಕೆಯ ಪರಿಚಯ ಆ ಮನೆತನಕ್ಕೆ ಗೆಲುವಿಗೆ ಮೊದಲೇ ಇದ್ದಿರಬಹುದಾದ್ದರಿಂದ ರೈಸರ ಊಹೆಯನ್ನು ತಳ್ಳಿಹಾಕಬೇಕಿಲ್ಲ.

ಈ ಮಾದರಿಯ ತೋಟ ಹೇಗಿತ್ತೆಂಬುದನ್ನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ತೋಟವನ್ನು ಕಂಡು ಬರೆದಿದ್ದಾನೆ. ಚೌಕ ಪಾತಿಗಳು, ಒಂದೊಂದು ಬಗೆಯ ಗಿಡಕ್ಕೂ ಪ್ರತ್ಯೇಕ ಜಾಗ, ಗುಲಾಬಿಗೆಂದೇ ಒಂದು ಚೌಕ. ಅಲ್ಲಿನ ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ಎತ್ತು ಕಟ್ಟಿದ ಕಪಿಲೆಯಲ್ಲಿ ನೀರೆತ್ತುತ್ತಿದ್ದರು. ನೀರಿನ ಅಭಾವವೇ ಈ ತೋಟಗಳ ದೊಡ್ಡ ಕೊರತೆ ಎಂಬುದು ಅವನ ತೀರ್ಮಾನ. ಶಿರಾದಲ್ಲಿ ಜನರ ಕೊರತೆಯೂ ಸೇರಿತು: ಶ್ರೀರಂಗಪಟ್ಟಣದ ಬಳಿಯ ಗಂಜಾಮನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದನೆಂದು ರೈಸ್ ದಾಖಲಿಸಿದ್ದಾರೆ. ಎತ್ತು ಆಳುಗಳನ್ನೇ ನಂಬಿದ ತೋಟಗಳಿಗೆ ಜನ ಖಾಲಿಯಾದ ಊರಿನಲ್ಲಿ ಉಳಿಗಾಲ ಕಷ್ಟ.

ಹಿತ್ತಲ ಕ್ರಮ

ಸಾಮಾನ್ಯರ ಮನೆಯ ತೋಟ ಬೇರೆ ಲೆಕ್ಕದಲ್ಲಿ ನಡೆಯಿತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಅದರ ಅಂಚಿಗೆ ಮಲ್ಲಿಗೆ ಅಥವಾ ಜಾಜಿ, ಅಂಗಳದಲ್ಲಿ ತುಳಸಿ, ಪಕ್ಕದ ಪಾತಿಯಲ್ಲಿ ಮರುಗ, ದವನ, ಪಚ್ಚೆತೆನೆ. ಸೊಪ್ಪಿನ ಪರಿಮಳಕ್ಕೆ ಇಲ್ಲಿ ಇಷ್ಟು ಮನ್ನಣೆ ಸಿಕ್ಕಿದ್ದಕ್ಕೆ ಕಾರಣವಿದೆ. ಅಂಗೈಯಗಲದ ಪಾತಿಗೆ ಒಂದು ಚೊಂಬು ನೀರು ಸಾಕು, ಚಿವುಟಿದಷ್ಟೂ ಚಿಗುರುತ್ತದೆ. ಬಯಲುಸೀಮೆಗೆ ಒಗ್ಗಿದ ಕನಕಾಂಬರಕ್ಕೆ ಬಣ್ಣವಿದೆ, ವಾಸನೆಯಿಲ್ಲ. ದಂಡೆ ಕಟ್ಟುವಾಗ ಮರುಗ ಸೇರಿಸಿ ಹೆಂಗಸರು ಆ ಕೊರತೆಯನ್ನು ತುಂಬಿಕೊಂಡರು. ಚೈತ್ರದ ದವನದ ಹುಣ್ಣಿಮೆಯ ಪೂಜೆಗೂ ಬೇಕಾದುದು ಸೊಪ್ಪೇ.

ಹೊರನಾಡಿನ ಗಿಡಗಳಲ್ಲಿ ಇಲ್ಲಿ ನೆಲೆ ಕಂಡವೂ ಹೆಚ್ಚಾಗಿ ನೀರು ಕೂಡಿಟ್ಟುಕೊಳ್ಳಬಲ್ಲವು. ಮೆಕ್ಸಿಕೊ ಮೂಲದ ಸುಗಂಧರಾಜ ಗೆಡ್ಡೆಯಲ್ಲಿ, ಮಧ್ಯ ಅಮೆರಿಕದ ದೇವಕಣಗಿಲೆ ದಪ್ಪ ಕಾಂಡದಲ್ಲಿ ನೀರನ್ನು ಕಾಪಿಡುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್ ಎಂಬ ಸುಗಂಧರಾಜ ತಳಿಗಳನ್ನು ಬಿಡುಗಡೆ ಮಾಡಿದ ಮೇಲೆ ಅದು ಹಿತ್ತಲಿನಿಂದ ಹೊಲಕ್ಕೂ ನಡೆಯಿತು.

ಇಂದಿನ ಆಯ್ಕೆ

ಕೊಳವೆಬಾವಿ ಈ ಹಳೆಯ ಲೆಕ್ಕವನ್ನು ಮರೆಸಿದೆ. ನರ್ಸರಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ತಂದು ನೆಟ್ಟು, ಏಪ್ರಿಲಿನಲ್ಲಿ ಒಣಗಿಸುವುದು ಸಾಮಾನ್ಯವಾಗಿದೆ. ಚರಿತ್ರೆಯಿಂದ ಹೊರಡುವ ಸೂತ್ರ ಸರಳ. ಕೊರಟಗೆರೆಯ ತೆಂಗು ಅಡಿಕೆ ತೋಟಗಳ ಮಗ್ಗುಲಿಗೆ ಸಂಪಿಗೆ ಹೊಂದುತ್ತದೆ; ಮರವಾಗಿ ಬೆಳೆಯುವುದರಿಂದ ಮೂವತ್ತು–ನಲವತ್ತರ ಸೈಟಿಗೆ ಅದು ಬೇಡ. ಶಿರಾ, ಮಧುಗಿರಿಯ ಪೇಟೆಮನೆಗಳಿಗೆ ಬಿಸಿಲು ಬೀಳುವ ಕಡೆ ದುಂಡುಮಲ್ಲಿಗೆ, ಚಳಿಗಾಲಕ್ಕೆ ಕಾಕಡ: ಎರಡೂ ಇದ್ದರೆ ವರ್ಷದ ಬಹುಪಾಲು ಹೂವಿರುತ್ತದೆ. ಸುಣ್ಣದಂಶದ ನೀರಿನಲ್ಲಿ ಮಲ್ಲಿಗೆಯ ಚಿಗುರು ಬಿಳಿಚಿಕೊಳ್ಳುವುದು ಕಬ್ಬಿಣದ ಕೊರತೆಯಿಂದ. ಗೊಬ್ಬರ, ಮಳೆನೀರು ಕೊಟ್ಟರೆ ಸುಧಾರಿಸುತ್ತದೆ. ಪಾವಗಡದ ಒಣ ನೆಲಕ್ಕೆ ಪಾರಿಜಾತ, ದೇವಕಣಗಿಲೆ, ರಂಜೆ ಲೇಸು. ರಂಜೆ ನಿಧಾನವಾಗಿ ಬೆಳೆದರೂ ನೆರಳು ಕೊಡುತ್ತದೆ, ಒಣಗಿದ ಹೂವೂ ಘಮಘಮಿಸುತ್ತದೆ.

ಬೇಸಿಗೆಯಲ್ಲಿ ಮನೆಯಲ್ಲಿ ದಿನಕ್ಕೆ ಎಷ್ಟು ಬಿಂದಿಗೆ ನೀರು ಮಿಗುತ್ತದೆಂದು ಮೊದಲು ಅಳೆದು, ಆಮೇಲೆ ನರ್ಸರಿಗೆ ಹೋಗುವುದು ಈ ಸೀಮೆಯ ತೋಟಕ್ಕೆ ಒಪ್ಪುವ ಕ್ರಮ.