ಜರ್ಮನಿಯ ಮಾರ್ಕು ಮತ್ತೆ ಏರುವುದೆಂಬ ಆಸೆ

ಸುಗ್ಗಿಯಲ್ಲಿ ರಾಗಿಯನ್ನು ಕೊಂಡು ಹಗೇವಿನಲ್ಲಿ ತುಂಬಿಟ್ಟು, ಧಾರಣೆ ಏರಿದ ಮೇಲೆ ತೆಗೆದು ಮಾರುವುದು ನಮ್ಮ ಸೀಮೆಯ ಹಳೆಯ ರೂಢಿ. ಧಾರಣೆ ಏರದೆ ಹೋದರೂ ಕೊಂಡವನಿಗೆ ಕಡೆಗೆ ಹಿಟ್ಟಾದರೂ ಉಳಿಯುತ್ತದೆ. ಸರಕಿನ ಬದಲು ಪರದೇಶದ ನಾಣ್ಯವನ್ನೇ ಕೊಂಡು, ಇಂದು ಇಳಿದಿರುವ ಅದರ ಬೆಲೆ ಮುಂದೊಂದು ದಿನ ಮೊದಲಿನ ಮಟ್ಟಕ್ಕೆ ಬಂದೀತೆಂದು ಕಾಯುವವನ ಸ್ಥಿತಿ ಹಾಗಲ್ಲ. ಆ ನಾಣ್ಯವು ಕಾಗದದ್ದಾಗಿದ್ದರೆ ಅವನ ಕೈಯಲ್ಲಿರುವುದು ಇನ್ನೊಂದು ದೇಶದ ಸರ್ಕಾರದ ಮಾತು ಮಾತ್ರ. ಇಂಥ ವ್ಯಾಪಾರವು ಎಲ್ಲ ಕಾಲದಲ್ಲಿಯೂ ಅಷ್ಟಿಷ್ಟು ನಡೆದೇ ಇದೆ. ಆದರೆ ಮೊದಲನೆಯ ಮಹಾಯುದ್ಧವು ಮುಗಿದಂದಿನಿಂದ 1923ನೆಯ ಇಸವಿಯ ಪರ್ಯಂತ ಜರ್ಮನಿಯ ಮಾರ್ಕಿನಲ್ಲಿ ನಡೆದಷ್ಟು ವಿಸ್ತಾರವಾಗಿ, ಅಷ್ಟೊಂದು ಸಾಮಾನ್ಯ ಜನರ ಕೈಯಿಂದ, ಅದು ನಡೆದ ಉದಾಹರಣೆಗಳು ವಿರಳ. ಆ ವೃತ್ತಾಂತವನ್ನು ಶ್ರೋತೃಗಳ ಮುಂದೆ ಇಡಬೇಕೆಂಬುದೇ ಈ ಭಾಷಣದ ಉದ್ದೇಶ.

ಯುದ್ಧಕ್ಕೆ ಮುಂಚೆ ಯೂರೋಪಿನ ಮುಖ್ಯ ನಾಣ್ಯಗಳೆಲ್ಲವೂ ಚಿನ್ನಕ್ಕೆ ಕಟ್ಟುಬಿದ್ದಿದ್ದುವು. ಒಂದು ಇಂಗ್ಲಿಷ್ ಪೌಂಡಿಗೆ ಸುಮಾರು 20½ ಮಾರ್ಕು, ಒಂದು ಅಮೆರಿಕದ ಡಾಲರಿಗೆ 4 ಮಾರ್ಕು 20 ಫೆನ್ನಿಗ್. ಒಂದು ತಲೆಮಾರಿಗೂ ಮಿಕ್ಕಿ ಕದಲದೆ ನಿಂತಿದ್ದ ಈ ದರವು ವರ್ತಕರಿಗೆ ಸೇರು ಪಾವುಗಳ ಅಳತೆಯಷ್ಟೇ ಸಹಜವಾಗಿ ತೋರುತ್ತಿದ್ದಿತು. 1914ರ ಆಗಸ್ಟಿನಲ್ಲಿ ಜರ್ಮನಿಯು ನೋಟಿಗೆ ಚಿನ್ನ ಕೊಡುವ ಹೊಣೆಯಿಂದ ತನ್ನ ಬ್ಯಾಂಕನ್ನು ಕಾನೂನಿನ ಮೂಲಕ ಬಿಡಿಸಿತು. ಯುದ್ಧದ ವೆಚ್ಚವನ್ನು ತೆರಿಗೆಯಿಂದ ಎತ್ತದೆ ಬಹುಮಟ್ಟಿಗೆ ಸಾಲದಿಂದ ತೂಗಿಸಿತು. ಗೆದ್ದ ಮೇಲೆ ಸೋತವರಿಂದ ವಸೂಲು ಮಾಡಿದರಾಯಿತೆಂದು ಅಲ್ಲಿನ ಹಣಕಾಸಿನ ಮಂತ್ರಿಗಳ ಎಣಿಕೆ. ಗೆಲುವು ಬರಲಿಲ್ಲ, ಸಾಲವು ಉಳಿಯಿತು. 1919ರ ಮೊದಲಲ್ಲಿ ಡಾಲರಿಗೆ ಎಂಟರ ಆಸುಪಾಸಿನಲ್ಲಿದ್ದ ಮಾರ್ಕು, ಆ ವರ್ಷದ ಜುಲೈ ವೇಳೆಗೆ 14ಕ್ಕೂ, 1920ರ ಫೆಬ್ರವರಿಯಲ್ಲಿ ಸುಮಾರು 100ಕ್ಕೂ ಇಳಿಯಿತು.

ಹೀಗೆ ಅಗ್ಗವಾದ ಮಾರ್ಕನ್ನು ಕೊಳ್ಳಲು ಜನರು ಮುಂದೆ ಬಂದರು. ಕೊಂಡವರೆಲ್ಲರೂ ಬ್ಯಾಂಕುಗಳ ಯಜಮಾನರಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಜರ್ಮನ್ ವಂಶದವರು ತವರುನಾಡಿನ ಮೇಲಿನ ಅಭಿಮಾನದಿಂದ ಕೊಂಡರು. ಆಮ್‌ಸ್ಟರ್‌ಡಾಮಿನ ವರ್ತಕನು ಕೊಂಡನು. ಲಂಡನ್ನಿನ ಗುಮಾಸ್ತನು ಕೊಂಡನು. ಕೇನ್ಸ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು 1922ರಲ್ಲಿ ಬರೆದ ಒಂದು ಲೇಖನದಲ್ಲಿ, ಈ ಹುಚ್ಚು ಸ್ಪೇನಿನ ಮತ್ತು ದಕ್ಷಿಣ ಅಮೆರಿಕದ ಹಳ್ಳಿಪಟ್ಟಣಗಳ ಕ್ಷೌರದ ಅಂಗಡಿಯ ಆಳುಗಳವರೆಗೂ ಹಬ್ಬಿತ್ತೆಂದು ತಿಳಿಸಿದ್ದಾರೆ. ಕೆಲವರು ನೋಟುಗಳನ್ನೇ ತರಿಸಿ ಪೆಟ್ಟಿಗೆಯಲ್ಲಿಟ್ಟರು. ಬರ್ಲಿನ್ನಿನ ಬ್ಯಾಂಕುಗಳಲ್ಲಿ ಮಾರ್ಕಿನ ಲೆಕ್ಕದಲ್ಲಿ ಠೇವಣಿ ತೆರೆದವರು ಬಹಳ ಮಂದಿ. ಜರ್ಮನಿಯ ಪಟ್ಟಣಗಳ ಪುರಸಭೆಗಳು ಹೊರಡಿಸಿದ ಸಾಲಪತ್ರಗಳೂ ಅಮೆರಿಕದಲ್ಲಿ ಬಿಕರಿಯಾದುವು.

ಲೆಕ್ಕವು ನೋಡಲು ಬಹು ಸುಲಭ. 1920ರ ಫೆಬ್ರವರಿಯಲ್ಲಿ ನೂರು ಡಾಲರು ಕೊಟ್ಟವನಿಗೆ ಹೆಚ್ಚು ಕಡಿಮೆ 10,000 ಮಾರ್ಕು ದೊರೆಯುತ್ತಿದ್ದಿತು. ಮಾರ್ಕು ತನ್ನ ಹಳೆಯ ದರಕ್ಕೆ ಮರಳಿದರೆ ಅದೇ 10,000 ಮಾರ್ಕು 2,380 ಡಾಲರಾಗುವುದು. ಪೂರ್ತಿ ಏರದೆ ನಾಲ್ಕರಲ್ಲೊಂದು ಪಾಲು ಏರಿದರೂ ಹಣವು ಆರುಪಟ್ಟಿನ ಸಮೀಪಕ್ಕೆ ಬೆಳೆಯುವುದು. ಜರ್ಮನಿಯೇನು ಸಣ್ಣ ದೇಶವೆ? ಅದರ ಕಾರ್ಖಾನೆಗಳು ನಿಂತೇ ಇವೆ. ಜನರು ದುಡಿಯುವವರು, ವಿದ್ಯಾವಂತರು. ಹತ್ತು ವರ್ಷದಲ್ಲಿ ಅದು ಎದ್ದು ನಿಲ್ಲದೆ ಇರಲಾರದು. ಹೀಗಿತ್ತು ಕೊಂಡವರ ತರ್ಕ.

ಈ ತರ್ಕವನ್ನು ಶುದ್ಧ ಮೂರ್ಖತನವೆಂದು ತಳ್ಳಿಹಾಕುವುದು ಈಗ ಸುಲಭ. ಆದರೆ ಅದಕ್ಕೆ ಚರಿತ್ರೆಯ ಆಧಾರವೂ ಇದ್ದಿತು. ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಸರ್ಕಾರವು ಹೊರಡಿಸಿದ ಹಸುರು ನೋಟುಗಳ ಬೆಲೆ 1864ರ ಬೇಸಗೆಯಲ್ಲಿ ಚಿನ್ನದ ಲೆಕ್ಕದಲ್ಲಿ ರೂಪಾಯಿಗೆ ಆರಾಣೆಗೂ ಕಡಿಮೆಯಾಗಿದ್ದಿತು. ಅದೇ ನೋಟಿಗೆ 1879ರ ಜನವರಿ 1ರಿಂದ ಪೂರ್ತಿ ಚಿನ್ನವನ್ನು ಕೊಟ್ಟರು. ಆ ಯುದ್ಧಕಾಲದಲ್ಲಿ ಅಮೆರಿಕದ ಸಾಲಪತ್ರಗಳನ್ನು ಅಗ್ಗದಲ್ಲಿ ಕೊಂಡು ಲಾಭ ಪಡೆದವರಲ್ಲಿ ಫ್ರಾಂಕ್‌ಫರ್ಟಿನ ಜರ್ಮನರೇ ಬಹಳ ಮಂದಿ ಇದ್ದರು. ಐವತ್ತು ವರ್ಷಗಳ ಅನಂತರ ಪಾತ್ರಗಳು ಅದಲುಬದಲಾದುವೆಂದು ತಿಳಿದರೆ ಅಮೆರಿಕದವರ ಆಸೆ ಅರ್ಥವಾಗುತ್ತದೆ. ಯುದ್ಧದಲ್ಲಿ ಕೆಳಗಿಳಿದ ಇಂಗ್ಲಿಷ್ ಪೌಂಡು ಕೂಡ 1925ರಲ್ಲಿ ತನ್ನ ಹಳೆಯ ಚಿನ್ನದ ದರಕ್ಕೆ ಮರಳಿತು. ಹಳೆಯ ದರವೇ ನ್ಯಾಯವಾದ ದರ, ಉಳಿದುದೆಲ್ಲ ಜ್ವರದಂತೆ ಬಂದು ಹೋಗುವಂಥದು ಎಂದು ಪಂಡಿತರೂ ನಂಬಿದ್ದ ಕಾಲ ಅದು.

ನಮ್ಮ ದೇಶದಲ್ಲಿಯೂ ಅದೇ ದಿನಗಳಲ್ಲಿ ನಾಣ್ಯದ ದರದ ಮೇಲೆ ದೊಡ್ಡದೊಂದು ಜೂಜು ನಡೆಯಿತೆಂಬುದನ್ನು ಇಲ್ಲಿ ನೆನೆಯಬಹುದು. ಬೆಳ್ಳಿಯ ಬೆಲೆ ಏರಿದ ಕಾರಣ, ಯುದ್ಧಪೂರ್ವದಲ್ಲಿ 1 ಶಿಲಿಂಗು 4 ಪೆನ್ಸಿದ್ದ ರೂಪಾಯಿ 1919ರ ಡಿಸೆಂಬರಿನಲ್ಲಿ 2 ಶಿಲಿಂಗು 4 ಪೆನ್ಸಾಯಿತು. ಬ್ಯಾಬಿಂಗ್ಟನ್ ಸ್ಮಿತ್ ಸಮಿತಿಯು ಅದನ್ನು ಚಿನ್ನದ ಲೆಕ್ಕದಲ್ಲಿ 2 ಶಿಲಿಂಗಿಗೆ ನಿಲ್ಲಿಸಬೇಕೆಂದಿತು. ಸಮಿತಿಯ ಏಕಮಾತ್ರ ಭಾರತೀಯ ಸದಸ್ಯರಾದ ದಾದಿಬಾ ದಲಾಲರು ಹಳೆಯ ದರವೇ ಇರಲೆಂದು ಭಿನ್ನಾಭಿಪ್ರಾಯವನ್ನು ಬರೆದರು. ಅವರ ಮಾತು ನಡೆಯಲಿಲ್ಲ. ಹೊಸ ದರವು ನಿಲ್ಲದೆಂದು ಕಂಡುಕೊಂಡವರು ಸರ್ಕಾರವು ಮಾರುತ್ತಿದ್ದ ಪೌಂಡಿನ ಹುಂಡಿಗಳಿಗೆ ಮುಗಿಬಿದ್ದರು. 1920ರ ಸೆಪ್ಟೆಂಬರಿನಲ್ಲಿ ಮಾರಾಟವನ್ನು ನಿಲ್ಲಿಸುವ ಹೊತ್ತಿಗೆ ಐದೂವರೆ ಕೋಟಿ ಪೌಂಡು ಕೈಬಿಟ್ಟುಹೋಗಿದ್ದಿತು. ರೂಪಾಯಿಯಾದರೋ ಹಳೆಯ ಮಟ್ಟಕ್ಕೇ ಜಾರಿತು. ಸರ್ಕಾರದ ಮಾತನ್ನು ನಂಬಿ ಎರಡು ಶಿಲಿಂಗಿನ ಲೆಕ್ಕದಲ್ಲಿ ವಿಲಾಯಿತಿ ಸರಕನ್ನು ತರಿಸಿದ ವರ್ತಕರು, ಸರಕು ಬಂದಿಳಿದಾಗ ಹಣ ತೆರಲಾರದೆ ಕಷ್ಟಕ್ಕೀಡಾದರು.

ಮಾರ್ಕಿನ ವಿಷಯಕ್ಕೆ ಮರಳೋಣ. 1920ರ ವಸಂತದಲ್ಲಿ ಒಂದು ವಿಚಿತ್ರ ನಡೆಯಿತು. ನೂರಕ್ಕೆ ಇಳಿದಿದ್ದ ಮಾರ್ಕು ಮೇಲಕ್ಕೆ ತಿರುಗಿ, ಜೂನ್ ವೇಳೆಗೆ ಡಾಲರಿಗೆ 39ಕ್ಕೆ ಬಂದಿತು. ಫೆಬ್ರವರಿಯಲ್ಲಿ ಕೊಂಡವನ ನೂರು ಡಾಲರು ನಾಲ್ಕು ತಿಂಗಳಲ್ಲಿ ಇನ್ನೂರ ಐವತ್ತಾಯಿತು. ಮಾರಿ ಹೊರಬಂದವನು ಗೆದ್ದನು. ಆದರೆ ಮಾರಿದವರಿಗಿಂತ, ಗೆದ್ದವನನ್ನು ನೋಡಿ ಹೊಸದಾಗಿ ಕೊಂಡವರೇ ಹೆಚ್ಚು. ಈ ಅಲ್ಪಕಾಲದ ಏರಿಕೆಯು ಮುಂದಿನ ಎರಡು ವರ್ಷಗಳ ನಷ್ಟಕ್ಕೆ ಬೀಜವಾಯಿತೆಂದು ನನಗೆ ತೋರುತ್ತದೆ.

ಈ ಏರಿಕೆಯಲ್ಲಿ ಸಿಕ್ಕಿಬಿದ್ದವರಲ್ಲಿ ಕೇನ್ಸರೇ ಒಬ್ಬರು. ಅವರು ಮಾರ್ಕು ಏರೀತೆಂದು ನಂಬಿದವರಲ್ಲ; ಸಂಧಿಯ ಷರತ್ತುಗಳು ಜರ್ಮನಿಯನ್ನು ಮುರಿಯುವುವೆಂದು 1919ರಲ್ಲಿ ಗ್ರಂಥ ಬರೆದು ಲೋಕವಿಖ್ಯಾತರಾದವರು. ತಮ್ಮ ನಂಬಿಕೆಗೆ ಅನುಸಾರವಾಗಿ ಅವರು ಮಾರ್ಕು, ಫ್ರಾಂಕು, ಲೀರಾಗಳನ್ನು ವಾಯಿದೆಯಲ್ಲಿ ಮಾರಿ ಡಾಲರನ್ನು ಕೊಂಡಿದ್ದರು. ಅವರ ವ್ಯವಹಾರದಲ್ಲಿ ನಮ್ಮ ರೂಪಾಯಿಯೂ ಸೇರಿದ್ದಿತು. ಹಣವು ಅವರದು ಮಾತ್ರವಲ್ಲ, ಬಂಧುಮಿತ್ರರದೂ ಹೌದು. 1920ರ ಮೇ ತಿಂಗಳಲ್ಲಿ ಯೂರೋಪಿನ ನಾಣ್ಯಗಳು ಕೆಲವು ವಾರ ಏರಿದಾಗ ಅವರ ಮೂಲಧನವೆಲ್ಲ ಕೊಚ್ಚಿಹೋಯಿತು. ಸರ್ ಅರ್ನೆಸ್ಟ್ ಕಾಸೆಲ್ ಎಂಬ ಧನಿಕರು ಕೊಟ್ಟ 5,000 ಪೌಂಡಿನ ಸಾಲವೂ, ಪ್ರಕಾಶಕರಿಂದ ಬಂದ ಮುಂಗಡವೂ ಅವರನ್ನು ದಿವಾಳಿಯಿಂದ ಉಳಿಸಿದುವು. ಅದೇ ದಾರಿಯಲ್ಲಿ ಮುಂದುವರಿದು ಅವರು ಸಾಲವನ್ನೆಲ್ಲ ತೀರಿಸಿದರು. ಜರ್ಮನಿಯ ವಿಷಯದಲ್ಲಿ ಅವರು ತಿಳಿದುದು ಸರಿಯಾಗಿಯೇ ಇದ್ದಿತು. ಆ ತಿಳಿವಳಿಕೆಯೂ ಒಂದು ಮೇ ತಿಂಗಳನ್ನು ದಾಟಿಸಲಾರದೆ ಹೋಯಿತು. ಹೀಗಿರಲು ಕ್ಷೌರದಂಗಡಿಯ ಆಳಿಗೆ ಯಾವ ರಕ್ಷೆ ಇದ್ದೀತು?

ಕೊಂಡವರ ಹಣವು ಎಲ್ಲಿಗೆ ಹೋಯಿತೆಂಬುದು ಈ ಕಥೆಯ ತಿರುಳು. ಯುದ್ಧಾನಂತರ ಜರ್ಮನಿಗೆ ಗೋಧಿ ಬೇಕು, ಕೊಬ್ಬು ಬೇಕು, ಹತ್ತಿ ಬೇಕು, ತಾಮ್ರ ಬೇಕು. ಅದು ಪರದೇಶಕ್ಕೆ ಮಾರುತ್ತಿದ್ದುದಕ್ಕಿಂತ ಕೊಳ್ಳುತ್ತಿದ್ದುದು ಹೆಚ್ಚು. ಇದರ ಮೇಲೆ ಮಿತ್ರರಾಷ್ಟ್ರಗಳು 1921ರ ಮೇ ತಿಂಗಳಲ್ಲಿ ಗೊತ್ತುಮಾಡಿದ 13,200 ಕೋಟಿ ಚಿನ್ನದ ಮಾರ್ಕಿನ ಯುದ್ಧ ಪರಿಹಾರಧನದ ಹೊರೆ. ಇದಕ್ಕೆಲ್ಲ ಬೇಕಾದ ಡಾಲರು ಪೌಂಡುಗಳನ್ನು ತಂದುಕೊಟ್ಟವರಲ್ಲಿ ಮಾರ್ಕನ್ನು ಕೊಳ್ಳುತ್ತಿದ್ದ ಪರದೇಶೀಯರ ಪಾಲು ದೊಡ್ಡದು. ಅವರು ತಮ್ಮ ಒಳ್ಳೆಯ ನಾಣ್ಯವನ್ನು ಕೊಟ್ಟು ಬರ್ಲಿನ್ನಿನ ಬ್ಯಾಂಕಿನ ಪುಸ್ತಕದಲ್ಲಿ ಒಂದು ಸಾಲು ಬರೆಸಿಕೊಂಡರು. ಜರ್ಮನಿಯು ಆ ಒಳ್ಳೆಯ ನಾಣ್ಯದಿಂದ ಧಾನ್ಯವನ್ನು ಕೊಂಡಿತು, ಪರಿಹಾರದ ಕಂತನ್ನೂ ತೆತ್ತಿತು. ಸಾಲವೆಂಬ ಹೆಸರಿಲ್ಲದೆ, ಬಡ್ಡಿಯ ಕರಾರಾಗಲಿ ಒತ್ತೆಯಾಗಲಿ ಇಲ್ಲದೆ, ಲೋಕದ ಸಣ್ಣ ಜನರು ಸೋತ ರಾಷ್ಟ್ರಕ್ಕೆ ಸಾಲ ಕೊಟ್ಟಂತಾಯಿತು. ಅವರು ಕೊಳ್ಳುತ್ತಿರುವವರೆಗೆ ಮಾರ್ಕು ಒಂದು ಮಟ್ಟಿಗೆ ನಿಂತಿದ್ದಿತು. ನಿಂತಿರುವುದನ್ನು ನೋಡಿ ಅವರು ಮತ್ತೂ ಕೊಂಡರು.

1921ರ ಶರತ್ಕಾಲದಲ್ಲಿ ಈ ನಂಬಿಕೆ ಬಿರುಕುಬಿಟ್ಟಿತು. ಆ ನವೆಂಬರಿನಲ್ಲಿ ಡಾಲರಿನ ಸರಾಸರಿ ಬೆಲೆ 263 ಮಾರ್ಕಾಗಿದ್ದಿತು. ಆದರೂ ಆಸೆಯು ಸಂಪೂರ್ಣವಾಗಿ ಸಾಯಲಿಲ್ಲ. ಜರ್ಮನಿಗೆ ದೊಡ್ಡದೊಂದು ಅಂತರರಾಷ್ಟ್ರೀಯ ಸಾಲ ದೊರೆಯುವುದೆಂಬ ಮಾತು ಹಬ್ಬಿದ್ದಿತು. 1922ರ ಜೂನ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ಸೇರಿದ ಬ್ಯಾಂಕುಗಾರರ ಸಮಿತಿಯು, ಪರಿಹಾರಧನದ ಪ್ರಶ್ನೆ ಇತ್ಯರ್ಥವಾಗದೆ ಸಾಲ ಸಾಧ್ಯವಿಲ್ಲವೆಂದು ತಿಳಿಸಿ ಚೆದರಿತು. ಅದೇ ತಿಂಗಳು 24ನೆಯ ತಾರೀಖು ವಿದೇಶಾಂಗ ಮಂತ್ರಿ ವಾಲ್ಟರ್ ರಾತೆನೌ ಬರ್ಲಿನ್ನಿನ ಬೀದಿಯಲ್ಲಿ ಕೊಲೆಯಾದರು. ಅಲ್ಲಿಂದ ಮುಂದೆ ಕೊಳ್ಳುವವರೇ ಇಲ್ಲ. ಜುಲೈಯಲ್ಲಿ 493, ಆಗಸ್ಟಿನಲ್ಲಿ 1,134, ಡಿಸೆಂಬರಿನಲ್ಲಿ 7,589. 1923ರ ಜನವರಿ 11ರಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯಗಳು ರೂರ್ ಪ್ರಾಂತವನ್ನು ಹೊಕ್ಕುವು. ಕೆಲಸ ನಿಲ್ಲಿಸಿದ ಕೂಲಿಗಾರರನ್ನು ಸಾಕಲು ಸರ್ಕಾರವು ನೋಟುಗಳನ್ನು ಅಚ್ಚುಹಾಕಿಸಿತು. ಮುಂದಿನ ಅಂಕಿಗಳನ್ನು ಓದುತ್ತ ಹೋದರೆ ಅರ್ಥವೇ ತಪ್ಪಿಹೋಗುವುದರಿಂದ ಕೊನೆಯದೊಂದನ್ನೇ ಹೇಳುತ್ತೇನೆ. 1923ರ ನವೆಂಬರ್ 20ರಂದು ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕು. ನೂರು ಡಾಲರು ಕೊಟ್ಟು ಪಡೆದ 10,000 ಮಾರ್ಕಿಗೆ ಅಂದು ಒಂದು ಬೆಂಕಿಕಡ್ಡಿಯೂ ಬರುವಂತಿರಲಿಲ್ಲ.

ಆ ತಿಂಗಳು 15ರಿಂದ ರೆಂಟೆನ್‌ಮಾರ್ಕೆಂಬ ಹೊಸ ನೋಟು ಹೊರಬಿದ್ದಿತು. ಹಳೆಯ ಒಂದು ಲಕ್ಷ ಕೋಟಿ ಮಾರ್ಕಿಗೆ ಹೊಸದೊಂದು. 1924ರಲ್ಲಿ ರೈಕ್ಸ್‌ಮಾರ್ಕು ಅದೇ ಲೆಕ್ಕದಲ್ಲಿ ಬಂದು ಡಾಲರಿಗೆ 4 ಮಾರ್ಕು 20 ಫೆನ್ನಿಗ್ ಎಂಬ ಹಳೆಯ ದರ ಮತ್ತೆ ಪತ್ರಿಕೆಗಳಲ್ಲಿ ಅಚ್ಚಾಯಿತು! ಕೊಂಡವರ ಭವಿಷ್ಯವಾಣಿ ಒಂದು ರೀತಿಯಲ್ಲಿ ಅಕ್ಷರಶಃ ನಿಜವಾಯಿತೆನ್ನಬೇಕು. ಜರ್ಮನಿಯು ಎದ್ದಿತು, ಅದರ ನಾಣ್ಯವೂ ಮೊದಲಿನ ದರಕ್ಕೆ ಬಂದಿತು. ಅವರ ಪೆಟ್ಟಿಗೆಯಲ್ಲಿದ್ದುದು ಮಾತ್ರ ಆ ನಾಣ್ಯವಾಗಿರಲಿಲ್ಲ. ದೇಶವು ಚೇತರಿಸಿಕೊಳ್ಳುವುದು ಬೇರೆ, ಅದರ ಹಳೆಯ ಕಾಗದವು ಚೇತರಿಸಿಕೊಳ್ಳುವುದು ಬೇರೆಯೆಂಬುದನ್ನು ಹತ್ತು ಲಕ್ಷಕ್ಕೂ ಮಿಕ್ಕ ಜನ ಈ ರೀತಿಯಲ್ಲಿ ಕಲಿತರು. ಈ ಹತ್ತು ಲಕ್ಷವು ನನ್ನ ಊಹೆಯಲ್ಲ. 1924ರ ಏಪ್ರಿಲಿನಲ್ಲಿ ವರದಿ ಒಪ್ಪಿಸಿದ, ಮೆಕೆನ್ನಾ ಅವರು ಅಧ್ಯಕ್ಷರಾಗಿದ್ದ ತಜ್ಞರ ಸಮಿತಿಯು ಬ್ಯಾಂಕುಗಳ ಲೆಕ್ಕವನ್ನು ಪರೀಕ್ಷಿಸಿ, ಮಾರ್ಕಿನ ಠೇವಣಿ ಕೊಂಡ ಪರದೇಶೀಯರು ಅಷ್ಟು ಮಂದಿಯೆಂದೂ, ಅವರ ನಷ್ಟವು 700 ಕೋಟಿ ಚಿನ್ನದ ಮಾರ್ಕಿಗೂ ಮೇಲ್ಪಟ್ಟದ್ದೆಂದೂ ಅಂದಾಜು ಮಾಡಿತು. ಯುದ್ಧಪೂರ್ವದ ದರದಲ್ಲಿ ಇದು 500 ಕೋಟಿ ರೂಪಾಯಿಗೂ ಹೆಚ್ಚು. ಜರ್ಮನಿಯು ಆ ವರ್ಷಗಳಲ್ಲಿ ನಗದಾಗಿ ತೆತ್ತ ಪರಿಹಾರಧನವು ಇದರ ಒಂದು ಪಾಲು ಮಾತ್ರ.

ಇನ್ನೊಂದು ಅಧ್ಯಾಯ ಉಳಿದಿದೆ. ಸಾಲಗಳನ್ನು ಚಿನ್ನದ ಬೆಲೆಗೆ ಸರಿತೂಗಿಸಿ ಕೊಡಿಸಬೇಕೆಂದು ಜರ್ಮನಿಯೊಳಗೇ ಕೂಗೆದ್ದು, 1925ರ ಜುಲೈ 16ರಂದು ಪುನರ್ಮೌಲ್ಯದ ಕಾನೂನು ಬಂದಿತು. ಸ್ಥಿರಾಸ್ತಿಯ ಅಡಮಾನಗಳಿಗೆ ಚಿನ್ನದ ಬೆಲೆಯ ನೂರಕ್ಕೆ 25ರಷ್ಟನ್ನು ಉಳಿಸಿದರು. ಸರ್ಕಾರದ ಸಾಲಪತ್ರಗಳ ವಿಷಯದಲ್ಲಿ ಬೇರೊಂದು ಕಾನೂನು ಮಾಡಿ, 1920ರ ಜುಲೈ 1ಕ್ಕೆ ಮುಂಚಿನಿಂದ ಇಟ್ಟುಕೊಂಡಿದ್ದವರನ್ನೂ, ಆಮೇಲೆ ಅಗ್ಗದಲ್ಲಿ ಕೊಂಡವರನ್ನೂ ಬೇರೆಬೇರೆ ಮಾಡಿ, ಎರಡನೆಯವರಿಗೆ ತೀರ ಅಲ್ಪವನ್ನು ಬಿಟ್ಟರು. ಬ್ಯಾಂಕಿನ ಠೇವಣಿಗೂ ನೋಟಿಗೂ ಏನೂ ಇಲ್ಲ. ಪರದೇಶದ ಸಣ್ಣ ಸಟ್ಟಾಗಾರನ ಹಣವೆಲ್ಲ ಇದ್ದುದು ಅಲ್ಲಿಯೇ.

ಅಷ್ಟಾದರೂ ಆಸೆ ಬಿಡಲಿಲ್ಲ. 1910ರ ಏಪ್ರಿಲ್ 21ನೆಯ ತಾರೀಖು ಹೊತ್ತ ಸಾವಿರ ಮಾರ್ಕಿನ ಕಂದು ಬಣ್ಣದ ನೋಟೊಂದುಂಟು. ಅದರಲ್ಲಿ ಕೆಲವಕ್ಕೆ ಕೆಂಪು ಮುದ್ರೆ. ಅದೇ ತಾರೀಖಿಟ್ಟು ಆಮೇಲೆ ಅಚ್ಚುಹಾಕಿದವಕ್ಕೆ ಹಸುರು ಮುದ್ರೆ. ಕೆಂಪು ಮುದ್ರೆಯದು ಯುದ್ಧಪೂರ್ವದ ನೋಟು, ಅದಕ್ಕೆ ಬ್ಯಾಂಕು ಚಿನ್ನ ಕೊಡಲೇಬೇಕು ಎಂಬ ಸುದ್ದಿ ಹಬ್ಬಿ, ಜನರು ಅವನ್ನು ಕೂಡಿಟ್ಟರು, ಸಂಘ ಕಟ್ಟಿದರು. ನ್ಯಾಯಸ್ಥಾನಗಳು ಒಪ್ಪದಿದ್ದರೂ ಹಿಂದೆಗೆಯಲಿಲ್ಲ. 1932ರ ಮಾರ್ಚಿಯಲ್ಲಿ, ಹಿಂಡೆನ್‌ಬರ್ಗ್ ಮತ್ತು ಹಿಟ್ಲರರು ಎದುರಾಗಿ ನಿಂತ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ, ಗುಸ್ತಾವ್ ವಿಂಟರ್ ಎಂಬಾತನು ಈ ಕೆಂಪು ಮುದ್ರೆಯ ನೋಟಿಗೆ ಬೆಲೆ ಕೊಡಿಸುವೆನೆಂದು ಹೇಳಿ ಸ್ಪರ್ಧಿಸಿ 1 ಲಕ್ಷ 11 ಸಾವಿರಕ್ಕೂ ಮಿಕ್ಕ ಮತಗಳನ್ನು ಪಡೆದನು. ಆ ಕಂದು ನೋಟುಗಳು ಹಳೆಯ ನಾಣ್ಯಗಳನ್ನು ಮಾರುವ ಅಂಗಡಿಗಳಲ್ಲಿ ಈಗಲೂ ಕಟ್ಟುಕಟ್ಟಾಗಿ ಸಿಕ್ಕುತ್ತವೆ. ಮುದ್ರೆ ಕೆಂಪಾಗಿರಲಿ ಹಸುರಾಗಿರಲಿ, ಬಿಡಿ ನೋಟಿನ ಬೆಲೆ ಬಹಳ ಅಲ್ಪ.